ಡಕೋಟಾಗೆ ಹೊಸ ಎಂಜಿನ್: 1/72 ಅಳತೆಯಲ್ಲಿ ಬಾಸ್ಲರ್ ಬಿಟಿ-67

ಡಕೋಟಾ ವಿಮಾನದ ಹಳೇ ಎಂಜಿನ್‌ನ ಅಡ್ಡಳತೆ 48 ಇಂಚು. ಅದರ ಜಾಗಕ್ಕೆ ಬರುವ ಟರ್ಬೊಪ್ರಾಪ್, ಅಂದರೆ ಟರ್ಬೈನ್‌ನಿಂದ ಪ್ರೊಪೆಲ್ಲರ್ ತಿರುಗಿಸುವ ಎಂಜಿನ್‌ನದು ಸುಮಾರು 19 ಇಂಚು. ಮಾಡೆಲ್‌ನ 1/72 ಅಳತೆಗೆ, ಅಂದರೆ ಅಸಲಿಯ 72ರಲ್ಲಿ ಒಂದು ಪಾಲಿಗೆ ಇಳಿಸಿದರೆ ಒಂದು 17 ಮಿ.ಮೀ., ಇನ್ನೊಂದು 7 ಮಿ.ಮೀ.ಗೂ ಕಡಿಮೆ. ಈ ಹತ್ತು ಮಿಲಿಮೀಟರ್ ವ್ಯತ್ಯಾಸ ಎಂಜಿನ್ ಹತ್ತಿರವೇ ನಿಲ್ಲುವುದಿಲ್ಲ. ವಿಮಾನದ ಉದ್ದ ಬದಲಾಗುತ್ತದೆ, ರೆಕ್ಕೆ ಬದಲಾಗುತ್ತದೆ, ನಿಂತಾಗ ಪ್ರೊಪೆಲ್ಲರ್ ಕಾಣುವ ರೀತಿಯೂ ಬದಲಾಗುತ್ತದೆ. ಹಾಗಾಗಿ ಜೋಡಿಸುವ ಪ್ಲಾಸ್ಟಿಕ್ ಕಿಟ್ಟಿನ ಡಕೋಟಾಗೆ ಸಪೂರ ಮೂಗು ಅಂಟಿಸಿ ಬಾಸ್ಲರ್ ಅಂತ ಕರೆದರೆ ಆಗಲಿಲ್ಲ. ಒಂದೊಂದು ಬದಲಾವಣೆಗೂ ಕಾರಣ ಹುಡುಕಿಕೊಂಡು, ಆ ಕಾರಣದ ಹಿಂದೆ ಹೋಗಿಯೇ ಈ ಮಾಡೆಲ್ ಕಟ್ಟಿದ್ದೇನೆ.

ಮೊದಲು ಅಸಲಿ ವಿಮಾನದ ಬಗ್ಗೆ. ಡಿಸಿ-3 ಮೊದಲು ಹಾರಿದ್ದು 1935ರ ಡಿಸೆಂಬರ್ 17ರಂದು. ಅದರ ಮಿಲಿಟರಿ ರೂಪ ಸಿ-47. ನಮ್ಮವರಿಗೆ ಎರಡೂ ಡಕೋಟಾ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆಷ್‌ಕಾಷ್ ಊರಿನಲ್ಲಿ ಬಾಸ್ಲರ್ ಅನ್ನುವ ಕಂಪನಿ ಇದೆ. 1990ರಿಂದ ಅದು ಹಳೇ ಡಕೋಟಾಗಳನ್ನು ಬಿಚ್ಚಿ, ಹಾಳಾದ ಲೋಹ ಬದಲಿಸಿ, ಪ್ರಾಟ್ ಆಂಡ್ ವಿಟ್ನಿ ಕೆನಡಾದ ಪಿಟಿ6ಎ-67ಆರ್ ಎಂಜಿನ್ ಕೂರಿಸಿ ಕೊಡುತ್ತಿದೆ. ಹಾಗೆ ಹೊರಬಂದ ವಿಮಾನವೇ ಬಿಟಿ-67.

ಅಷ್ಟು ಹಳೇ ವಿಮಾನಕ್ಕೆ ಇಷ್ಟು ಖರ್ಚು ಯಾಕೆ ಅಂದರೆ, ಡಕೋಟಾದ ಮೈ ಅಷ್ಟು ಗಟ್ಟಿ. ಅದರ ಒಳಗೆ ಗಾಳಿಯ ಒತ್ತಡ ತುಂಬಿಸುವ ವ್ಯವಸ್ಥೆ ಇಲ್ಲ. ಎತ್ತರಕ್ಕೆ ಹಾರುವ ಈಗಿನ ವಿಮಾನಗಳ ಮೈ ಪ್ರತಿ ಹಾರಾಟದಲ್ಲೂ ಸ್ವಲ್ಪ ಉಬ್ಬಿ ಮತ್ತೆ ಕುಗ್ಗುತ್ತದೆ. ಹಾಗೆ ಸಾವಿರಾರು ಸಲ ಆದ ಮೇಲೆ ಲೋಹ ದಣಿಯುತ್ತದೆ. ಡಕೋಟಾಗೆ ಆ ಕಾಟ ಇಲ್ಲ. ರೆಕ್ಕೆಯ ಒಳಗೂ ಭಾರ ಹೊರುವ ಪಟ್ಟಿಗಳು ಒಂದೆರಡಲ್ಲ, ಹಲವು. ಹೀಗಾಗಿ ಮೈ ಇನ್ನೂ ದುಡಿಯುತ್ತದೆ, ಎಂಜಿನ್ ಮಾತ್ರ ಕೈಕೊಡುತ್ತದೆ. ಹಳೇ ಪಿಸ್ಟನ್ ಎಂಜಿನ್‌ಗೆ ವಿಮಾನದ ಪೆಟ್ರೋಲ್ ಬೇಕು. ಅದು ದೂರದ ಜಾಗಗಳಲ್ಲಿ ಸಿಗುವುದೇ ಕಷ್ಟ. ಟರ್ಬೈನ್ ಕುಡಿಯುವುದು ಜೆಟ್ ಇಂಧನ. ಜೆಟ್ ಇಳಿಯುವ ಕಡೆಯೆಲ್ಲ ಅದು ಸಿಗುತ್ತದೆ.

ಈ ಬಾಸ್ಲರ್‌ಗಳು ಜಾಸ್ತಿ ಕಾಣಿಸುವುದು ಹಿಮದ ನಾಡಿನಲ್ಲಿ. ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆಯ ಪೋಲಾರ್ 5 ಮತ್ತು ಪೋಲಾರ್ 6 ಎರಡೂ ಬಿಟಿ-67. ಚೀನಾದ ಸ್ನೋ ಈಗಲ್ 601 ಕೂಡ ಅದೇ. ಅಂಟಾರ್ಕ್ಟಿಕಾದಲ್ಲಿ ನಮ್ಮ ಮೈತ್ರಿ ಮತ್ತು ಭಾರತಿ ಕೇಂದ್ರಗಳ ನಡುವೆ ಸುಮಾರು 3,000 ಕಿ.ಮೀ. ದೂರ. ಭಾರತದ ವಿಜ್ಞಾನಿಗಳೂ ಅಲ್ಲಿ ಬಾಸ್ಲರ್ ಹತ್ತಿ ಓಡಾಡಿದ್ದಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಟ್ಟಿದ ಮೈಯಲ್ಲಿ ಕೂತು ಹಿಮದ ಮೇಲೆ ಇಳಿಯುತ್ತಾರಲ್ಲ, ಅದನ್ನು ನೆನೆದರೆ ನನಗೆ ಈ ವಿಮಾನದ ಮೇಲೆ ಗೌರವ ಇನ್ನೂ ಹೆಚ್ಚುತ್ತದೆ.

ಡಕೋಟಾ ನಮ್ಮ ಸೀಮೆಗೂ ಹೊಸದಲ್ಲ. 1940ರ ಕೊನೆಯಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಶುರು ಮಾಡಿದ ಕಾರ್ಖಾನೆಯೇ ಇಂದಿನ ಎಚ್‌ಎಎಲ್. ಯುದ್ಧದ ವರ್ಷಗಳಲ್ಲಿ ಅಮೆರಿಕದ ಸೇನಾ ವಿಮಾನಗಳು ಅಲ್ಲಿಗೆ ರಿಪೇರಿಗೆ ಬರುತ್ತಿದ್ದವು. ಯುದ್ಧ ಮುಗಿದ ಮೇಲೆ ಮಿಲಿಟರಿ ಡಕೋಟಾಗಳನ್ನು ಪ್ರಯಾಣಿಕರ ವಿಮಾನವಾಗಿ ಬದಲಿಸುವ ಕೆಲಸವೂ ಅಲ್ಲಿ ನಡೆಯಿತು. ಹಳೇ ಮೈಗೆ ಹೊಸ ಕೆಲಸ ಕೊಡುವುದು ಬಾಸ್ಲರ್‌ಗಿಂತ ಮೊದಲೇ ಕನ್ನಡ ನೆಲದಲ್ಲಿ ಆಗಿತ್ತು.

ಅಳತೆಗಳು

ಕಿಟ್ ಏರ್‌ಫಿಕ್ಸ್‌ನ 1/72 ಡಕೋಟಾ. ಬೆಂಗಳೂರಿನಿಂದ ಕೊರಿಯರ್‌ನಲ್ಲಿ ಚಿಕ್ಕಮಗಳೂರಿಗೆ ತರಿಸಿಕೊಂಡೆ. ಉಳಿದ ಸಾಮಾನು ಬಹುಪಾಲು ಇಲ್ಲೇ, ಕಾರ್ ಪೇಂಟ್ ಅಂಗಡಿ, ಫ್ರಿಜ್ ರಿಪೇರಿ ಅಂಗಡಿ ಮತ್ತು ಕಾಫಿ ತೋಟದಲ್ಲಿ ಹೊಂದಿತು.

ಕಟ್ಟರ್ ಹಿಡಿಯುವ ಮೊದಲು ಲೆಕ್ಕ ಹಾಕಿದೆ. ಬಿಟಿ-67ರ ಉದ್ದ 67 ಅಡಿ 9 ಇಂಚು, ಅಂದರೆ 20.65 ಮೀಟರ್. ರೆಕ್ಕೆಯ ಹರವು 97 ಅಡಿ 8 ಇಂಚು. ಸಿ-47ರ ಹರವು 95 ಅಡಿ 6 ಇಂಚು. ರೆಕ್ಕೆಯ ಮುಂದೆ ಮೈಗೆ 40 ಇಂಚು ಸೇರಿಸಿದ್ದಾರೆ. 40 ಇಂಚು ಅಂದರೆ 1,016 ಮಿ.ಮೀ. ಅದನ್ನು 72ರಿಂದ ಭಾಗಿಸಿದರೆ 14.1 ಮಿ.ಮೀ. ಮುಗಿದ ಮಾಡೆಲ್‌ನ ಉದ್ದ 286.8 ಮಿ.ಮೀ. ಬರಬೇಕು. ರೆಕ್ಕೆ ಒಟ್ಟು 9.2 ಮಿ.ಮೀ. ಬೆಳೆಯಬೇಕು, ಒಂದೊಂದು ತುದಿಗೆ 4.6.

ಈ 40 ಇಂಚು ಎಲ್ಲಿಂದ ಬಂತು? ಹಳೇ ಆರ್-1830 ಟ್ವಿನ್ ವಾಸ್ಪ್ ಎಂಜಿನ್‌ಗೆ 14 ಸಿಲಿಂಡರ್, ಎರಡು ಸಾಲು. ಪೆಟ್ರೋಲ್ ಉರಿಯುವ ಜಾಗ ಒಟ್ಟು 30 ಲೀಟರ್. ಒಂದೊಂದರ ಒಣ ತೂಕ 550 ಕೆ.ಜಿ.ಗೂ ಜಾಸ್ತಿ. ಪಿಟಿ6 ಅದರ ಅರ್ಧವೂ ತೂಗುವುದಿಲ್ಲ. ರೆಕ್ಕೆಯ ಮುಂದಿದ್ದ ಅಷ್ಟು ಭಾರ ಹೋದರೆ ವಿಮಾನದ ತೂಕದ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ಹಾಗೆ ಬಿಟ್ಟರೆ ಬಾಲ ಭಾರವಾಗಿ ಹಾರುವುದೇ ಅಪಾಯ. ಅದಕ್ಕೇ ಎಂಜಿನ್‌ಗಳನ್ನು ಉದ್ದನೆಯ ಮೂತಿಯಲ್ಲಿ ಮುಂದಕ್ಕೆ ಚಾಚಿದರು. ಕಾಕ್‌ಪಿಟ್ಟನ್ನೂ ಅದರ ಜೊತೆಗಿನ ಭಾರವನ್ನೂ ಇನ್ನಷ್ಟು ಮುಂದಕ್ಕೆ ತಳ್ಳಿದರು. ಜೊತೆಗೆ ಒಳಗೆ ಜಾಗವೂ ಸಿಕ್ಕಿತು.

ಶಕ್ತಿ ಮಾತ್ರ ಅಷ್ಟೇನೂ ಏರಿಲ್ಲ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಟ್ವಿನ್ ವಾಸ್ಪ್ 1,200 ಅಶ್ವಶಕ್ತಿ, ಪಿಟಿ6ಎ-67ಆರ್ 1,281. ಆದರೂ ಹೊತ್ತು ಏಳುವ ತೂಕ 28,750 ಪೌಂಡ್‌ಗೆ ಏರಿದೆ, ಅಂದರೆ 13 ಟನ್ ಮೇಲೆ. ಸಿ-47ಗೆ ಸಾಮಾನ್ಯವಾಗಿ ಹೇಳುವುದು 26,000 ಪೌಂಡ್. ಎಂಜಿನ್ ಹಗುರವಾಯಿತು, ಮೂತಿ ಸಪೂರವಾಯಿತು, ಪ್ರೊಪೆಲ್ಲರ್ ಸುಧಾರಿಸಿತು. ಲಾಭ ಬಂದದ್ದು ಇವೆಲ್ಲ ಸೇರಿ.

ಎಂಜಿನ್ ಮೂತಿಯ ಅಳತೆ ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ಅದನ್ನು ಫೋಟೊದಿಂದ ತೆಗೆಯಬೇಕು. ವಿಮಾನಕ್ಕೆ ನೇರ ಅಡ್ಡಲಾಗಿ, ದೂರದಿಂದ ಜೂಮ್ ಮಾಡಿ ತೆಗೆದ ಫೋಟೊ ಮಾತ್ರ ಇದಕ್ಕೆ ಆಗುತ್ತದೆ. ಹತ್ತಿರದಿಂದ ತೆಗೆದರೆ ನಮ್ಮ ಕಡೆಯ ಎಂಜಿನ್ ಇರುವುದಕ್ಕಿಂತ ದೊಡ್ಡದಾಗಿ ಬೀಳುತ್ತದೆ. ಒಟ್ಟು ಉದ್ದ ಗೊತ್ತಿರುವುದರಿಂದ, ಫೋಟೊದಲ್ಲಿ ಮೂಗಿನಿಂದ ಬಾಲದವರೆಗೆ ಎಷ್ಟು ಚುಕ್ಕಿ ಅಂತ ನೋಡಿ, ಅದರಿಂದ ಉಳಿದದ್ದರ ಅಳತೆ ತೆಗೆದೆ. ದೂರದ ಫೋಟೊದಲ್ಲೂ ಎಂಜಿನ್ ಮೈಗಿಂತ ನಮಗೆ ಸ್ವಲ್ಪ ಹತ್ತಿರ ಇರುತ್ತದೆ, ಅಲ್ವಾ? ಅದಕ್ಕೆ ಒಂದೇ ಫೋಟೊ ನಂಬಲಿಲ್ಲ. ಎಡದಿಂದ, ಬಲದಿಂದ, ಬೇರೆ ಬೇರೆ ವಿಮಾನದವು ಇಟ್ಟುಕೊಂಡು ಹೋಲಿಸಿದೆ. ಹೊಂದಿಕೊಂಡ ಅಳತೆ ಮಾತ್ರ ಗ್ರಾಫ್ ಹಾಳೆಗೆ ಇಳಿಯಿತು.

ಮೈ ಕತ್ತರಿಸಿದ್ದು

ಎರಡು ಅರ್ಧ ಮೈಗಳನ್ನು ಮೊದಲು ಅಂಟಿಸಿ, ಪೂರ್ತಿ ಒಣಗಿದ ಮೇಲೆ ಕತ್ತರಿಸಿದೆ. ಬಿಡಿಬಿಡಿಯಾಗಿ ಕತ್ತರಿಸಿದರೆ ಆಮೇಲೆ ಎರಡೂ ಬದಿ ಒಂದಕ್ಕೊಂದು ಕೂರುವುದು ಕಷ್ಟ. ರೆಕ್ಕೆ ಬುಡದ ಹೊದಿಕೆ ಶುರುವಾಗುವ ಮೊದಲು, ಮೈಯ ದುಂಡು ಹೆಚ್ಚು ಕಡಿಮೆ ಒಂದೇ ಸಮ ಇರುವ ಕಡೆ ಒಂದು ಪ್ಯಾನೆಲ್ ಗೆರೆ (ತಗಡುಗಳ ಜೋಡಣೆ ತೋರಿಸುವ ಗೆರೆ) ಆರಿಸಿದೆ. ಸುತ್ತಲೂ ಟೇಪ್ ಹಾಕಿ, ರೇಜರ್ ಗರಗಸ ಒಂದೇ ಕಡೆ ಒತ್ತದೆ, ಮೈ ತಿರುಗಿಸುತ್ತಾ ಸುತ್ತಿನಿಂದ ಸುತ್ತಿಗೆ ಆಳ ಮಾಡಿದೆ. ಅವಸರ ಮಾಡಿದರೆ ಗರಗಸ ಓರೆ ಹೋಗುತ್ತದೆ. ಇಲ್ಲಿ ಅರ್ಧ ಡಿಗ್ರಿ ಓರೆಯಾದರೂ ಮೂಗು ಒಂದು ಕಡೆ ನೋಡುತ್ತದೆ.

ಗರಗಸವೂ ಒಂದಿಷ್ಟು ಪ್ಲಾಸ್ಟಿಕ್ ತಿನ್ನುತ್ತದೆ. ನನ್ನದು ತಿನ್ನುವುದು ಸುಮಾರು 0.3 ಮಿ.ಮೀ. ಅಂದರೆ ತುಂಬುವ ತುಂಡು 14.1 ಅಲ್ಲ, 14.4 ಇರಬೇಕು.

ತುಂಡನ್ನು 1 ಮಿ.ಮೀ. ಸ್ಟೈರೀನ್ ಪ್ಲಾಸ್ಟಿಕ್ ಶೀಟ್ ಪದರಗಳಿಂದ ಕಟ್ಟಿದೆ. ಒಂದೊಂದು ಪದರವನ್ನೂ ನಡುವೆ ಟೊಳ್ಳು ಬಿಟ್ಟು ಬಳೆಯ ಆಕಾರಕ್ಕೆ ಕತ್ತರಿಸಿದೆ. ಗಟ್ಟಿ ಬಿಲ್ಲೆಗಳನ್ನು ಪ್ಲಾಸ್ಟಿಕ್ ಸಿಮೆಂಟಿನಲ್ಲಿ ಒಂದರ ಮೇಲೊಂದು ಅಂಟಿಸಿದರೆ ಅದರ ಆವಿ ಒಳಗೇ ಸಿಕ್ಕಿಕೊಳ್ಳುತ್ತದೆ. ವಾರಗಟ್ಟಲೆ ಮೆತ್ತಗೆ ಉಳಿದು, ಆಮೇಲೆ ಪೇಂಟ್ ಅಡಿಯಲ್ಲಿ ಕುಸಿಯುತ್ತದೆ. ಬಳೆಯಾದರೆ ಆವಿ ಹೋಗಲು ದಾರಿ ಇದೆ. ಜೋಡಿಸುವಾಗ ನಾಲ್ಕು ಹಿತ್ತಾಳೆ ಕಡ್ಡಿ ಉದ್ದಕ್ಕೂ ತೂರಿಸಿದೆ. ಮೂಗಿನ ಭಾಗ, ತುಂಡು, ಹಿಂದಿನ ಮೈ ಮೂರೂ ಅದೇ ಕಡ್ಡಿಗಳ ಮೇಲೆ ಕೂತವು. ಮೇಜಿನ ಮೇಲೆ ಗಾಜಿನ ಹಾಳೆ ಇಟ್ಟು, ಮೇಲಿನ ನಡುಗೆರೆಗೆ ದಾರ ಎಳೆದು ನೋಡಿದೆ. ನೇರ ಇತ್ತು.

ಸಂದಿ ಮುಚ್ಚಲು ಕಾರ್ ಪೇಂಟರ್‌ಗಳು ಬಳಸುವ ಎನ್‌ಸಿ ಪುಟ್ಟಿ. ಮಾಡೆಲ್ ಪುಟ್ಟಿಗಿಂತ ಅಗ್ಗ, ಉಜ್ಜಿದರೆ ಗಾಜಿನಷ್ಟು ನುಣುಪು. ಆದರೆ ಅದರ ಥಿನ್ನರ್ ಸ್ಟೈರೀನ್ ಅನ್ನು ಕರಗಿಸುತ್ತದೆ. ದಪ್ಪಗೆ ಮೆತ್ತಿದರೆ ಒಳಗಿನ ಪ್ಲಾಸ್ಟಿಕ್ ಮೆದುವಾಗಿ, ಒಣಗಿದಂತೆ ಪುಟ್ಟಿಯೂ ಕುಗ್ಗಿ ಹಳ್ಳ ಬೀಳುತ್ತದೆ. ತೆಳ್ಳಗೆ ಎಳೆದು, ಒಂದು ದಿನ ಬಿಟ್ಟು, ಮತ್ತೆ ತೆಳ್ಳಗೆ ಎಳೆಯಬೇಕು. ದೊಡ್ಡ ಸಂದಿಗೆ ಎಂ-ಸೀಲ್ ವಾಸಿ. ಅದು ಕುಗ್ಗುವುದಿಲ್ಲ. ಮೊದಲು 400 ನಂಬರ್ ವಾಟರ್ ಪೇಪರ್, ಆಮೇಲೆ 800, ಕೊನೆಗೆ 1500. ನೀರು ಹಾಕಿಯೇ ಉಜ್ಜಬೇಕು. ಆಮೇಲೆ ಅಳಿಸಿಹೋದ ಪ್ಯಾನೆಲ್ ಗೆರೆಗಳನ್ನು ಸೂಜಿಯಿಂದ ಮತ್ತೆ ಎಳೆದೆ.

ಎಂಜಿನ್ ಮೂತಿ

ಇಡೀ ಕೆಲಸದಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟ ಭಾಗ ಇದು.

ಹಳೇ ಎಂಜಿನ್‌ನ ಕೌಲಿಂಗ್, ಅಂದರೆ ಹೊರಕವಚ, ದಪ್ಪ ದುಂಡಗೆ ಇರುವುದು ಸುಮ್ನೆ ಅಲ್ಲ. ಸಿಲಿಂಡರ್‌ಗಳು ಸುತ್ತ ನಕ್ಷತ್ರದಂತೆ ಹರಡಿಕೊಂಡಿರುತ್ತವೆ. ಪ್ರತಿಯೊಂದಕ್ಕೂ ತಣ್ಣನೆ ಗಾಳಿ ತಗಲಬೇಕು. ಅದಕ್ಕೇ ಅಗಲ ಬಾಯಿ, ಹಿಂದೆ ತೆರೆದು ಮುಚ್ಚುವ ರೆಕ್ಕೆಪಟ್ಟಿ, ಮೇಲೆ ಕಾರ್ಬ್ಯುರೇಟರ್‌ಗೆ ಗಾಳಿ ಕೊಡುವ ಗೂನು. ಟರ್ಬೈನ್‌ಗೆ ಇದ್ಯಾವುದೂ ಬೇಡ. ಪಿಟಿ6ರಲ್ಲಿ ಗಾಳಿ ಹರಿಯುವುದೇ ಉಲ್ಟಾ. ಗಾಳಿ ಎಂಜಿನ್‌ನ ಹಿಂಭಾಗದಲ್ಲಿ ಒಳಗೆ ಹೋಗಿ, ಒತ್ತಿಕೊಂಡು, ಉರಿದು, ಮುಂದಕ್ಕೆ ಹರಿದು, ಪ್ರೊಪೆಲ್ಲರ್ ಹತ್ತಿರವೇ ಹೊರಗೆ ಬರುತ್ತದೆ. ಹೊಗೆ ಕೊಳವೆಗಳು ಮೂತಿಯ ತುದಿಯಲ್ಲಿ, ಎಡಕ್ಕೊಂದು ಬಲಕ್ಕೊಂದು, ಹಿಂದಕ್ಕೆ ಬಾಗಿ ನಿಂತಿರುವುದು ಇದೇ ಕಾರಣಕ್ಕೆ. ಕೆಳಗೆ ಗದ್ದದಲ್ಲಿ ಗಾಳಿ ಸೇದುವ ಬಾಯಿ. ಈ ಎರಡು ಸರಿ ಬಂದರೆ ನೋಡಿದವರಿಗೆ ಪಿಟಿ6 ಅಂತ ತಕ್ಷಣ ಗೊತ್ತಾಗುತ್ತದೆ. ಕೊಳವೆಗಳನ್ನು ಹಿಂದೆ, ರೆಕ್ಕೆಯ ಹತ್ತಿರ ಹಾಕಿದರೆ ಅದು ಬೇರೆಯೇ ಎಂಜಿನ್ ಆಗುತ್ತದೆ.

ಮೂತಿಯ ಅಚ್ಚಿಗೆ ಕಾಫಿ ಮರ ಬಳಸಿದೆ. ತೋಟದಲ್ಲಿ ಹೊಸ ಗಿಡ ಹಾಕಲು ಕಿತ್ತ ಹಳೇ ರೋಬಸ್ಟಾ ಬೊಡ್ಡೆ ಅಟ್ಟದ ಮೇಲೆ ಒಣಗಿತ್ತು. ಕಾಫಿ ಮರ ಗಟ್ಟಿ, ಎಳೆ ಬಹಳ ಸಣ್ಣ. ಸಣ್ಣ ಅಂಚು ಕೆತ್ತಿದರೂ ಸೀಳುವುದಿಲ್ಲ. ಬಾಲ್ಸಾ ಮರದಲ್ಲಿ ಇಷ್ಟು ಚೂಪು ಅಂಚು ನಿಲ್ಲುವುದಿಲ್ಲ. ಮಾಡೆಲ್ ಮಾಡುವ ಮಲೆನಾಡಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಹಳೇ ಕಾಫಿ ಬೊಡ್ಡೆಯನ್ನೆಲ್ಲ ಒಲೆಗೆ ಹಾಕಬೇಡಿ.

ಗ್ರಾಫ್ ಹಾಳೆಯ ಪಕ್ಕದ ನೋಟ ಮತ್ತು ಮೇಲಿನ ನೋಟ ಎರಡನ್ನೂ ಮರದ ತುಂಡಿಗೆ ಅಂಟಿಸಿ, ಮೊದಲು ಒಂದು ದಿಕ್ಕಿನಲ್ಲಿ, ಆಮೇಲೆ ಇನ್ನೊಂದು ದಿಕ್ಕಿನಲ್ಲಿ ಕತ್ತರಿಸಿದೆ. ಉಳಿದದ್ದು ಚಾಕು, ಅರ. ರಟ್ಟಿನಲ್ಲಿ ಅಡ್ಡಸೀಳಿನ ಆಕಾರಗಳನ್ನು ಕತ್ತರಿಸಿಟ್ಟು ಆಗಾಗ ಹಿಡಿದು ನೋಡುತ್ತಿದ್ದೆ. ಹಿಂದಿನ ತುದಿ ಕಿಟ್ಟಿನ ಫೈರ್‌ವಾಲ್ (ಎಂಜಿನ್ ಹಿಂದಿನ ತಡೆಗೋಡೆ) ದುಂಡಿಗೆ ಸರಿಯಾಗಿ ಕೂರಬೇಕು, ಮುಂದಿನ ತುದಿ ಸ್ಪಿನ್ನರ್‌ಗೆ, ಅಂದರೆ ಪ್ರೊಪೆಲ್ಲರ್ ನಡುವಿನ ಟೋಪಿಗೆ. ನಡುವೆ ದಪ್ಪದಿಂದ ಸಪೂರಕ್ಕೆ ಇಳಿಯುವ ರೇಖೆಯೇ ಬಾಸ್ಲರ್‌ನ ಚಹರೆ. ಅದು ಸ್ವಲ್ಪ ಜಾಸ್ತಿ ಕೊಬ್ಬಿದರೂ ವಿಮಾನ ಬೇರೆ ಕಾಣುತ್ತದೆ.

ಒಂದನ್ನು ಕೆತ್ತಿ, ಸಿಲಿಕೋನ್ ರಬ್ಬರಿನಲ್ಲಿ ಅಚ್ಚು ತೆಗೆದು, ರೆಸಿನ್ ಸುರಿದು ಎರಡು ಮಾಡಿದೆ. ಕೈಯಲ್ಲಿ ಎರಡು ಬಾರಿ ಕೆತ್ತಿದರೆ ಎಡ ಬಲ ಒಂದೇ ಥರ ಬರುವುದಿಲ್ಲ. 3ಡಿ ಪ್ರಿಂಟ್ ಮಾಡಬಹುದಿತ್ತು, ನಿಜ. ಆದರೆ ಕೆತ್ತುವಾಗ ಆಕಾರ ಕೈಗೆ ಅರ್ಥವಾಗುತ್ತದೆ, ಎಲ್ಲಿ ತಪ್ಪಿದೆ ಅಂತ ಬೆರಳೇ ಹೇಳುತ್ತದೆ. ನನಗೆ ಆ ದಾರಿ ಇಷ್ಟ.

ಹೊಗೆ ಕೊಳವೆಗೆ ಫ್ರಿಜ್ ರಿಪೇರಿ ಅಂಗಡಿಯ ಸಣ್ಣ ತಾಮ್ರದ ಕೊಳವೆ. ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿ ತಣಿಸಿದರೆ ತಾಮ್ರ ಮೆದುವಾಗುತ್ತದೆ. ಒಳಗೆ ತಂತಿ ತೂರಿಸಿ ಬಗ್ಗಿಸಿದರೆ ಮಡಚಿಕೊಳ್ಳುವುದಿಲ್ಲ. ಬಾಯಿಯನ್ನು ಇಕ್ಕಳದಲ್ಲಿ ಮೆಲ್ಲಗೆ ಒತ್ತಿ ಮೊಟ್ಟೆ ಆಕಾರಕ್ಕೆ ತಂದೆ. ಅಂಚನ್ನು ಒಳಗಿನಿಂದ ತೆಳ್ಳಗೆ ಮಾಡಿದ ಮೇಲೆ ನಿಜವಾದ ತಗಡಿನ ಹಾಗೆ ಕಂಡಿತು.

ಹಾಸನಕ್ಕೆ, ಐದು ಬ್ಲೇಡ್‌ಗಾಗಿ

ಡಕೋಟಾದ ಮೂಲ ಪ್ರೊಪೆಲ್ಲರ್‌ಗೆ ಮೂರು ಬ್ಲೇಡ್. ಬಾಸ್ಲರ್‌ಗೆ ಹಾರ್ಟ್‌ಜೆಲ್ ಕಂಪನಿಯ ಐದು ಬ್ಲೇಡಿನದು. ಸ್ಪಿನ್ನರ್ ಅನ್ನು ಅಲ್ಯೂಮಿನಿಯಂ ಸರಳಿನಲ್ಲಿ ತಿರುವಿಸಿ, ಸುತ್ತ ಐದು ತೂತು ಸಮವಾಗಿ ಕೊರೆಯಬೇಕಿತ್ತು. ಅದಕ್ಕೆ ಹಾಸನದಲ್ಲಿ ಪರಿಚಯದ ಲೇಥ್ ಅಂಗಡಿಗೆ ಹೋದೆ. ಚಿಕ್ಕಮಗಳೂರಿನಿಂದ ಹೋಗುವಾಗ ದಾರಿಯಲ್ಲಿ ಬೇಲೂರು. ಚೆನ್ನಕೇಶವ ದೇವಸ್ಥಾನದ ಕಂಬಗಳನ್ನು ತಿರುಗಣಿಯ ಮೇಲೆ ತಿರುಗಿಸಿಯೇ ಕಡೆದದ್ದು ಅನ್ನುತ್ತಾರೆ. ಲೇಥ್ ಕೆಲಸಕ್ಕೆ ಹೊರಟವನು ಅದನ್ನು ನೋಡದೆ ಹೋಗುವುದು ಹೇಗೆ? ಇಳಿದು ನೋಡಿಯೇ ಹೋದೆ.

"ಐದು ಭಾಗ ಆಗ್ಬೇಕು ಅಣ್ಣ. ಒಂಚೂರೂ ಆಚೆ ಈಚೆ ಆಗೋ ಹಾಗಿಲ್ಲ" ಅಂದೆ.

ಅವರು ಸರಳನ್ನು ತಿರುಗಿಸಿ ನೋಡಿದರು. "ಮೂರು ಜಾ ಚಕ್‌ನಲ್ಲಿ ಮೂರು ಬರುತ್ತೆ, ಆರು ಬರುತ್ತೆ. ಐದು ಬರಲ್ಲ ಸಾರ್. ಡಿವೈಡಿಂಗ್ ಹೆಡ್‌ಗೆ ಹಾಕೋಣ. ಎಂಟು ಸುತ್ತಿಗೆ ಒಂದು ತೂತು."

ಡಿವೈಡಿಂಗ್ ಹೆಡ್‌ನ ಹಿಡಿಯನ್ನು 40 ಸುತ್ತು ತಿರುಗಿಸಿದರೆ ಸರಳು ಒಂದು ಸುತ್ತು ತಿರುಗುತ್ತದೆ. 40ನ್ನು ಐದರಿಂದ ಭಾಗಿಸಿದರೆ ಎಂಟು. ಎಂಟು ಪೂರ್ತಿ ಸುತ್ತು, ಒಂದು ತೂತು, ಮತ್ತೆ ಎಂಟು. ತೂತುಗಳ ನಡುವೆ 72 ಡಿಗ್ರಿ ಎಲ್ಲೂ ತಪ್ಪಲಿಲ್ಲ. ಕೆಲಸ ಮುಗಿದ ಮೇಲೆ ಅವರು ಕೇಳಿದರು: "ಇದು ಯಾವ ಮೆಷಿನ್‌ಗೆ ಸಾರ್?" ಫೋನಿನಲ್ಲಿ ವಿಮಾನದ ಫೋಟೊ ತೋರಿಸಿದೆ. ಹಿಮದಲ್ಲಿ ನಿಂತ ಡಕೋಟಾ ನೋಡಿ ಅವರು ಕೂಡಲೇ ಕೇಳಿದ್ದು ಗೇರ್‌ಬಾಕ್ಸ್ ಬಗ್ಗೆ. ಟರ್ಬೈನ್ ಬಹಳ ಜೋರಾಗಿ ತಿರುಗುತ್ತದಲ್ಲ, ಪ್ರೊಪೆಲ್ಲರ್‌ಗೆ ಅದನ್ನು ಇಳಿಸುವುದು ಹೇಗೆ ಅಂತ. ಪಿಟಿ6ರ ಮೂತಿಯ ತುದಿಯಲ್ಲೇ ಆ ಗೇರ್‌ಬಾಕ್ಸ್ ಇದೆ ಅಂತ ತೋರಿಸಿದೆ. ಒಳ್ಳೇ ಕೆಲಸಗಾರನ ಕಣ್ಣು ಸೀದಾ ಮುಖ್ಯವಾದ ಜಾಗಕ್ಕೇ ಹೋಗುತ್ತದೆ.

ವಿಮಾನದ ಮಾತು ಹಾಸನದಲ್ಲಿ ಯಾರಿಗೂ ಅಪರಿಚಿತ ಅನ್ನಿಸುವುದಿಲ್ಲ. ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದ್ದು ಎಟಿಆರ್ 42 ವಿಮಾನಗಳಿಂದ. ಅವೂ ಟರ್ಬೊಪ್ರಾಪ್, ಅವುಗಳ ಎಂಜಿನ್ ಕೂಡ ಪ್ರಾಟ್ ಆಂಡ್ ವಿಟ್ನಿ ಕೆನಡಾದ್ದೇ.

ಬ್ಲೇಡ್‌ಗಳನ್ನು ಸ್ಟೈರೀನ್ ಶೀಟಿನಲ್ಲಿ ಕತ್ತರಿಸಿದೆ. ಎಲ್ಲವನ್ನೂ ಒಟ್ಟಿಗೆ ಪೇರಿಸಿ ಉಜ್ಜಿದ್ದರಿಂದ ಆಕಾರ ಒಂದೇ ಬಂತು. ಬಿಸಿನೀರಿನಲ್ಲಿ ಅದ್ದಿ, ಬುಡದಿಂದ ತುದಿಗೆ ತಿರುಚು ಕೊಟ್ಟೆ. ತಿರುಚಿನ ದಿಕ್ಕು ಗಮನಿಸಬೇಕು. ಪಿಟಿ6 ಹಿಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ, ಮುಂದೆ ನಿಂತವರಿಗೆ ಉಲ್ಟಾ.

ಈಗ ನಿಂತ ವಿಮಾನದ ಮಾತು. ಮಾರಾಟಕ್ಕೆ ಬರುವ ಮಾಡೆಲ್‌ಗಳಲ್ಲೂ ಇದು ಎಷ್ಟೋ ಸಲ ತಪ್ಪಿರುತ್ತದೆ. ಪಿಟಿ6ರಲ್ಲಿ ಪ್ರೊಪೆಲ್ಲರ್ ತಿರುಗಿಸುವ ಟರ್ಬೈನ್ ಬೇರೆ, ಗಾಳಿ ಒತ್ತುವ ಭಾಗ ಬೇರೆ. ಎರಡಕ್ಕೂ ನಡುವೆ ಕಬ್ಬಿಣದ ಸಂಬಂಧ ಇಲ್ಲ, ಬರೀ ಬಿಸಿ ಗಾಳಿಯ ಸಂಬಂಧ. ಬ್ಲೇಡಿನ ಕೋನ ಹಿಡಿದಿಡುವುದು ಎಣ್ಣೆಯ ಒತ್ತಡ. ಎಂಜಿನ್ ಆಫ್ ಆದರೆ ಒತ್ತಡ ಇಳಿಯುತ್ತದೆ. ಆಗ ಸ್ಪ್ರಿಂಗ್ ಬ್ಲೇಡ್‌ಗಳನ್ನು ಫೆದರ್ ಸ್ಥಿತಿಗೆ ತಳ್ಳುತ್ತದೆ, ಅಂದರೆ ಬ್ಲೇಡಿನ ಅಂಚು ಮುಂದಕ್ಕೆ, ಅಗಲ ಬದಿ ಪಕ್ಕಕ್ಕೆ. ಹಾಗಾಗಿ ನಿಂತ ಬಾಸ್ಲರ್ ಅನ್ನು ಎದುರಿನಿಂದ ನೋಡಿದರೆ ಬ್ಲೇಡ್‌ಗಳು ತೆಳ್ಳನೆ ಗೆರೆಗಳಂತೆ ಕಾಣಬೇಕು. ಪಿಸ್ಟನ್ ಡಕೋಟಾ ನಿಂತಾಗ ಬ್ಲೇಡ್‌ಗಳು ಅಗಲವಾಗಿ ಎದುರಿಗೆ ಕಾಣುತ್ತವೆ. ಕಿಟ್ಟಿನ ಚಿತ್ರ ನೋಡಿ ಅದೇ ಕೋನ ಬಾಸ್ಲರ್‌ಗೆ ಕೊಟ್ಟರೆ, ಎಂಜಿನ್ ಓಡುತ್ತಿರುವಾಗ ಪ್ರೊಪೆಲ್ಲರ್ ಮಾತ್ರ ನಿಂತ ಹಾಗೆ ಆಗುತ್ತದೆ. ಒಂದು ರಟ್ಟಿನ ಮೂಲೆ ಕತ್ತರಿಸಿ, ಬ್ಲೇಡಿನ ಮುಕ್ಕಾಲು ಉದ್ದದ ಜಾಗದಲ್ಲಿ ಹಿಡಿದು, ಐದಕ್ಕೂ ಒಂದೇ ಕೋನ ಇಟ್ಟು ಅಂಟಿಸಿದೆ.

ರೆಕ್ಕೆ ತುದಿಯ ಕೆಲಸ ಬೇಗ ಮುಗಿಯಿತು. ದುಂಡು ತುದಿ ಕತ್ತರಿಸಿ, ಸ್ಟೈರೀನ್ ತುಂಡು ಸೇರಿಸಿ, ಫೋಟೊ ನೋಡಿ ಹೊಸ ಆಕಾರಕ್ಕೆ ಉಜ್ಜಿದೆ.

ಅದೇ ಜಾತಿಯ ಬೇರೆ ವಿಮಾನಗಳು

ಡಕೋಟಾಗೆ ಟರ್ಬೈನ್ ಹಾಕಿದ್ದು ಬಾಸ್ಲರ್ ಮೊದಲಲ್ಲ. 1951ರಲ್ಲೇ ಬ್ರಿಟನ್ನಿನ ಬಿಇಎ ವಿಮಾನ ಸಂಸ್ಥೆ ಎರಡು ಡಕೋಟಾಗಳಿಗೆ ರೋಲ್ಸ್ ರಾಯ್ಸ್ ಡಾರ್ಟ್ ಎಂಜಿನ್ ಹಾಕಿ ಸರಕು ಸಾಗಿಸಿತು. ಡಾರ್ಟ್ ಎಂಜಿನ್‌ನ ವೈಕೌಂಟ್ ವಿಮಾನ ಸೇವೆಗೆ ಬರುವ ಮೊದಲು ಎಂಜಿನ್‌ನ ಅನುಭವ ಬೇಕಿತ್ತು, ಅದಕ್ಕೆ. ಮುಂದೆ 1957ರಲ್ಲಿ ನಮ್ಮ ಇಂಡಿಯನ್ ಏರ್‌ಲೈನ್ಸ್‌ಗೂ ವೈಕೌಂಟ್ ಬಂತು. ಡಾರ್ಟ್ ಡಕೋಟಾ ಮಾಡುವವರು ಪಿಟಿ6ರ ಪಾಠವನ್ನು ಇಲ್ಲಿ ಬಳಸಬಾರದು. ಡಾರ್ಟ್‌ನಲ್ಲಿ ಕಂಪ್ರೆಸರ್ ಮತ್ತು ಪ್ರೊಪೆಲ್ಲರ್ ಒಂದೇ ಶಾಫ್ಟಿಗೆ ಸೇರಿವೆ. ಸ್ಟಾರ್ಟ್ ಮಾಡುವಾಗ ಪ್ರೊಪೆಲ್ಲರನ್ನೂ ಎಳೆದುಕೊಂಡೇ ತಿರುಗಬೇಕು. ಅದಕ್ಕೆ ನಿಂತಾಗ ಬ್ಲೇಡ್‌ಗಳು ಚಪ್ಪಟೆಯಾಗಿ, ಗಾಳಿ ಕಡಿಮೆ ತಳ್ಳುವ ಕೋನದಲ್ಲಿ ಇರುತ್ತವೆ. ಗಾಳಿ ಸೇದುವ ಬಾಯಿಯೂ ಗದ್ದದಲ್ಲಿ ಅಲ್ಲ, ಸ್ಪಿನ್ನರ್ ಸುತ್ತ ಉಂಗುರದಂತೆ.

ಕಾನ್ವೇರ್ 580 ಪ್ರಯಾಣಿಕ ವಿಮಾನದ್ದು ಇನ್ನೊಂದು ಕಥೆ. ಕಾನ್ವೇರ್ 340 ಮತ್ತು 440ರ ಆರ್-2800 ಪಿಸ್ಟನ್ ಎಂಜಿನ್ ಸುಮಾರು 2,500 ಅಶ್ವಶಕ್ತಿ. 580 ಮಾಡುವಾಗ ಅದರ ಜಾಗಕ್ಕೆ ಬಂದ ಆಲಿಸನ್ 501-ಡಿ13 ಟರ್ಬೊಪ್ರಾಪ್ ಎಂಜಿನ್ 3,750. ಇಲ್ಲಿ ಶಕ್ತಿಯೇ ಅರ್ಧದಷ್ಟು ಏರಿತು. ಒಂದು ಕಡೆಯ ಎಂಜಿನ್ ಕೆಟ್ಟರೆ ಇನ್ನೊಂದು ಕಡೆಯದು ವಿಮಾನವನ್ನು ಅಷ್ಟೇ ಜೋರಾಗಿ ತಿರುಗಿಸುತ್ತದೆ. ಅದನ್ನು ತಡೆಯಲು ಬಾಲ ದೊಡ್ಡದಾಗಬೇಕು. 580ರಲ್ಲಿ ನಿಂತ ಬಾಲವನ್ನೂ ಮಲಗಿದ ಬಾಲವನ್ನೂ ದೊಡ್ಡದು ಮಾಡಿದರು. 440ರ ಕಿಟ್ ತಂದು ನಾಲ್ಕು ಬ್ಲೇಡಿನ ಎಂಜಿನ್ ಮಾತ್ರ ಹಾಕಿದರೆ 580 ಆಗುವುದಿಲ್ಲ, ಬಾಲದಿಂದಲೇ ಶುರು ಮಾಡಬೇಕು. ಇನ್ನೊಂದು ವಿಷಯ. ಕಾನ್ವೇರ್‌ಗೆ ಮೂಗಿನ ಚಕ್ರ ಇದೆ. ಗಾಳದ ಸೀಸ ಮೂಗಿನಲ್ಲಿ ತುಂಬದಿದ್ದರೆ ಮಾಡೆಲ್ ಬಾಲದ ಮೇಲೆ ಕೂರುತ್ತದೆ. ಡಕೋಟಾ ಹುಟ್ಟಿನಿಂದಲೇ ಬಾಲಚಕ್ರದ ವಿಮಾನ, ಅದಕ್ಕೆ ಈ ತೊಂದರೆ ಇಲ್ಲ.

ಬಣ್ಣ

ಮಳೆಗಾಲದಲ್ಲಿ ನಮ್ಮೂರಲ್ಲಿ ಲ್ಯಾಕರ್ ಪೇಂಟ್ ಹೊಡೆಯುವುದು ಸುಲಭ ಅಲ್ಲ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅಲ್ಲಿ ಹಿಡಿದು ಬಣ್ಣ ಮಂಕಾಗಿ ಬಿಳಿಚಿಕೊಳ್ಳುತ್ತದೆ. ಕಾರ್ ಪೇಂಟ್ ಅಂಗಡಿಯಲ್ಲಿ ಸಿಗುವ ರಿಟಾರ್ಡರ್ ಕೆಲವು ಹನಿ ಸೇರಿಸಿದರೆ ಆರುವುದು ನಿಧಾನವಾಗಿ, ಬಿಳಿಚು ನಿಲ್ಲುತ್ತದೆ. ಕಂಪ್ರೆಸರ್ ಪೈಪಿಗೆ ನೀರು ಹಿಡಿಯುವ ಬಟ್ಟಲು ಇರಲೇಬೇಕು. ಹೊಡೆದ ಭಾಗಗಳನ್ನು ಬಲ್ಬ್ ಹಾಕಿದ ಹಳೇ ಕಪಾಟಿನಲ್ಲಿ ಒಣಗಿಸಿದೆ. ಬೂದು ಪ್ರೈಮರ್ ಹೊಡೆದಾಗ ಮೈಯ ಸಂದಿ ಎಲ್ಲೂ ಕಾಣಲಿಲ್ಲ. ಅದರ ಮೇಲೆ ಬಿಳಿ.

ಮಸಿ ಹಚ್ಚುವಾಗಲೂ ಎಂಜಿನ್‌ನ ರೀತಿ ನೆನಪಿರಬೇಕು. ಪಿಸ್ಟನ್ ಡಕೋಟಾದಲ್ಲಿ ಎಂಜಿನ್ ಹಿಂದೆಲ್ಲ ಎಣ್ಣೆ ಸೋರಿದ ಕಂದು ಗೆರೆಗಳು. ಬಾಸ್ಲರ್‌ನಲ್ಲಿ ಹೊಗೆ ಮೂತಿಯ ತುದಿಯಲ್ಲೇ ಬರುವುದರಿಂದ ಮಸಿ ಮೂತಿಯ ಎರಡೂ ಬದಿ ಉದ್ದಕ್ಕೆ ಸವರಿಕೊಂಡು ಹೋಗುತ್ತದೆ. ಇದ್ದಿಲ ಪುಡಿಯನ್ನು ಒಣ ಬ್ರಷ್‌ನಲ್ಲಿ ತೆಗೆದುಕೊಂಡು, ಕೊಳವೆಯ ಹತ್ತಿರ ಗಾಢವಾಗಿ, ಹಿಂದಕ್ಕೆ ಹೋದಂತೆ ತಿಳಿಯಾಗಿ ಹಚ್ಚಿದೆ. ಎಣ್ಣೆ ಗೆರೆ ಒಂದೂ ಹಾಕಲಿಲ್ಲ.

ಕೊನೆಗೆ ಸ್ಕೇಲ್ ಹಿಡಿದಾಗ ಉದ್ದ 287 ಮಿ.ಮೀ.ಗೆ ಕೂತಿತು. ಹಿಮದ ಮೇಲೆ ಜಾರುವ ಸ್ಕೀಗಳ ನಕ್ಷೆ ಆಗಿದೆ, ಕೆತ್ತಬೇಕು. ಚಕ್ರ ಸ್ಕೀಯ ನಡುವಿನಿಂದ ಸ್ವಲ್ಪ ಕೆಳಗೆ ಇಣುಕುವ ಥರದ್ದು, ಟಾರ್ ರಸ್ತೆಗೂ ಹಿಮಕ್ಕೂ ಆಗುತ್ತದೆ.

ಕಿಟ್ಟಿನಲ್ಲಿ ಉಳಿದ ಎರಡು ಟ್ವಿನ್ ವಾಸ್ಪ್ ಎಂಜಿನ್, ಕೌಲಿಂಗ್, ಮೂರು ಬ್ಲೇಡಿನ ಪ್ರೊಪೆಲ್ಲರ್ ಎಲ್ಲ ಹಾಸನದ ಒಬ್ಬ ಹುಡುಗನಿಗೆ ಕೊಟ್ಟಿದ್ದೇನೆ. ಅವನು ವಿಪಿ 905 ಮಾಡುತ್ತಿದ್ದಾನೆ. 1947ರ ಅಕ್ಟೋಬರ್ 27ರಂದು ಸೈನಿಕರನ್ನು ಹೊತ್ತು ಶ್ರೀನಗರದಲ್ಲಿ ಇಳಿದ ಡಕೋಟಾದ ಸಂಖ್ಯೆ ಅದು. 2018ರಲ್ಲಿ ವಾಯುಪಡೆಗೆ ಸೇರಿದ 'ಪರಶುರಾಮ' ಅನ್ನುವ ಡಕೋಟಾದ ಮೈಮೇಲೂ ಅದೇ ಸಂಖ್ಯೆ ಇದೆ, ಅದು ಪಿಸ್ಟನ್ ಎಂಜಿನ್‌ನಲ್ಲೇ ಹಾರಿ ಬಂತು. ಅವನಿಗೆ ಸಿಕ್ಕಿದ್ದು ಯಾರೋ ಅರ್ಧ ಕಟ್ಟಿ ಬಿಟ್ಟ ಹಳೇ ಕಿಟ್, ಎಂಜಿನ್‌ಗಳೇ ಇರಲಿಲ್ಲ. ಆ ವಿಮಾನಕ್ಕೆ ಬೇಕಾದದ್ದು ಸರಿಯಾಗಿ ಇವೇ.